ನೀರಿಗೆ ಬಿದ್ದ ಮೇಲೆ ಮತ್ತೆ ದೋಣಿ ಹತ್ತಲು ಏಣಿಯೋ, ಕುಣಿಕೆಯೋ, ಎಂಜಿನ್ನೋ?

ಮೂರು ವರ್ಷದ ಹಿಂದೆ, ನವೆಂಬರಿನ ಒಂದು ಸಂಜೆ. ಐದು ಹೊಳೆ ಕೂಡಿ ಗಂಗೊಳ್ಳಿ ಅಳಿವೆಯ ಕಡೆ ಹರಿಯುವ ನಮ್ಮ ಪಂಚಗಂಗಾವಳಿಯಲ್ಲಿ ಗಾಳ ಹಾಕಲು ಒಬ್ಬನೇ ಹೋಗಿದ್ದೆ. ನನ್ನದು 16 ಅಡಿಯ ಫೈಬರ್ ದೋಣಿ, ಹಿಂದೆ ಹೊರಗಡೆ ಕಟ್ಟುವ 9.9 ಎಚ್‌ಪಿಯ ಔಟ್‌ಬೋರ್ಡ್ ಎಂಜಿನ್. ನೀರೊಳಗೆ ತಿರುಗಿ ದೋಣಿಯನ್ನು ತಳ್ಳುವ ಫ್ಯಾನಿಗೆ ಹಳೇ ಬಲೆಯ ತುಂಡೊಂದು ಸುತ್ತಿಕೊಂಡಿತು. ಲಂಗರು ಬಿಟ್ಟೆ, ಎಂಜಿನ್ ಎತ್ತಿ ನಿಲ್ಲಿಸಿದೆ, ಚಾಕು ಹಿಡಿದು ಬಗ್ಗಿದೆ. ಅಷ್ಟೇ, ನೀರಲ್ಲಿದ್ದೆ.

ಈಜು ಬರುತ್ತದೆ, ನೀರು ಬೆಚ್ಚಗಿದೆ, ದೋಣಿ ಕೈಗೆ ಸಿಗುವಷ್ಟು ಹತ್ತಿರ. ಹೆದರಿಕೆ ಏನೂ ಆಗಲಿಲ್ಲ, ನಗು ಬಂತು. ಅಂಚು ಹಿಡಿದು ಮೇಲೆ ಎಳೆದುಕೊಂಡೆ. ಎದೆ ಅಂಚಿನವರೆಗೆ ಬಂತು, ಅಲ್ಲೇ ನಿಂತಿತು. ಎರಡನೇ ಸಲ ಲೈಫ್ ಜಾಕೆಟ್ ಅಂಚಿಗೆ ಸಿಕ್ಕಿ ಹಿಂದಕ್ಕೆ ಬಿದ್ದೆ. ಮೂರನೇ ಸಲ ಗದ್ದವೂ ಅಂಚು ಮುಟ್ಟಲಿಲ್ಲ. ಆಗ ನಗು ನಿಂತಿತು. ಆ ಅಂಚು ನೀರಿನಿಂದ ಬರೀ ಒಂದೂವರೆ ಅಡಿ ಎತ್ತರ. ನಮ್ಮನೆ ಜಗಲಿ ಅದಕ್ಕಿಂತ ಎತ್ತರ ಇದೆ.

ಹೇಗೋ ಹತ್ತಿದೆ, ಅದನ್ನು ಆಮೇಲೆ ಹೇಳುತ್ತೇನೆ. ಮರುದಿನ ದಡದಲ್ಲಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರಿಗೆ ವಿಷಯ ಹೇಳಿದರೆ ತಲೆಯನ್ನೂ ಎತ್ತದೆ ಅಂದರು: "ಬೀಳೂದ್ ಸಸಾರ ಮಾರಾಯಾ, ಹತ್ತೂದೇ ಕಷ್ಟ."

ಅಲ್ಲಿಂದೀಚೆಗೆ ನನ್ನ ದೋಣಿಯಲ್ಲೂ ಸ್ನೇಹಿತರ ದೋಣಿಗಳಲ್ಲೂ ಹತ್ತುವ ದಾರಿಗಳನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದ್ದೇನೆ. 12ರಿಂದ 20 ಅಡಿಯೊಳಗಿನ, ಔಟ್‌ಬೋರ್ಡ್ ಕಟ್ಟಿದ ದೋಣಿ ಇರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಅಷ್ಟು ಕಷ್ಟ ಯಾಕೆ

ಬಾವಿಕಟ್ಟೆ, ಈಜುಕೊಳದ ಕಟ್ಟೆ ಹತ್ತಿದವರಿಗೆ ದೋಣಿಯೂ ಹಾಗೇ ಅನ್ನಿಸುತ್ತದೆ. ಹಾಗಲ್ಲ. ಕಟ್ಟೆಯ ಗೋಡೆ ನೆಟ್ಟಗಿರುತ್ತದೆ, ಮೊಣಕಾಲು ಒತ್ತಿ ಹಿಡಿಯಬಹುದು. ದೋಣಿಯ ಹೊಟ್ಟೆ ಒಳಕ್ಕೆ ತಿರುಗಿರುತ್ತದೆ. ಅಂಚಿಗೆ ಜೋತುಬಿದ್ದ ಕೂಡಲೇ ಕಾಲುಗಳು ದೋಣಿಯಡಿಗೆ ತೇಲಿ ಹೋಗುತ್ತವೆ, ಬೆನ್ನು ಹಿಂದಕ್ಕೆ ವಾಲುತ್ತದೆ. ಇನ್ನೊಂದು, ನೀರೊಳಗೆ ಇರುವಷ್ಟು ಹೊತ್ತು 70 ಕೆಜಿ ಮೈಯನ್ನು ನೀರೇ ಹೊತ್ತಿರುತ್ತದೆ. ಮೇಲೆ ಬಂದಷ್ಟೂ ಆ ಭಾರ ನಿಮ್ಮ ತೋಳಿಗೆ ಬೀಳುತ್ತದೆ. ಒದ್ದೆ ಪ್ಯಾಂಟು, ಜೇಬಲ್ಲಿ ತುಂಬಿದ ನೀರು ಬೇರೆ. ಬರೀ ಕೈಬಲದಲ್ಲಿ ತಮ್ಮ ಮೈಯನ್ನು ಎತ್ತಿಕೊಳ್ಳಬಲ್ಲವರು ನಮ್ಮಲ್ಲಿ ಎಷ್ಟು ಜನ? ಹಾಗಾಗಿ ಕಾಲಿಗೆ ಒಂದು ಮೆಟ್ಟಿಲು ಬೇಕೇ ಬೇಕು. ಕೆಳಗೆ ಹೇಳುವ ದಾರಿಗಳಲ್ಲಿ ಹೆಚ್ಚಿನವು ಆ ಮೆಟ್ಟಿಲನ್ನು ಎಲ್ಲಿಂದ ತರುವುದು ಎಂಬುದರ ಬಗ್ಗೆಯೇ.

ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಒಬ್ಬನೇ ಇದ್ದು, ಸುಸ್ತಾಗಿ, ನೀರಲ್ಲಿ ಇದ್ದುಕೊಂಡೇ ಇದನ್ನು ಕೈಗೆ ತಂದುಕೊಳ್ಳಬಹುದಾ? ಒಳ್ಳೆ ಏಣಿಯೊಂದು ಸೀಟಿನಡಿ ಚೀಲದಲ್ಲಿ ಮಡಚಿ ಇದ್ದರೆ ಅದು ದೋಣಿಯೊಳಗಿದ್ದವರಿಗೆ ಏಣಿ, ನಿಮಗಲ್ಲ. ಯುರೋಪಿಯನ್ ಒಕ್ಕೂಟದ 2013ರ ವಿಹಾರ ದೋಣಿ ನಿಯಮವೂ ಇದನ್ನೇ ಹೇಳುತ್ತದೆ: ಮತ್ತೆ ಹತ್ತುವ ಸಾಧನ ನೀರಲ್ಲಿರುವವನಿಗೆ ಇನ್ನೊಬ್ಬರ ಸಹಾಯವಿಲ್ಲದೆ ಸಿಗಬೇಕು, ಇಲ್ಲವೇ ಅವನೇ ಬಿಚ್ಚಿಕೊಳ್ಳುವಂತಿರಬೇಕು.

ಮೊದಲು ಎಂಜಿನ್ ಆಫ್

ಯಾವ ದಾರಿ ಹಿಡಿದರೂ ಇದಕ್ಕೆ ವಿನಾಯಿತಿ ಇಲ್ಲ. ನ್ಯೂಟ್ರಲ್ ಸಾಲದು. ಗಡಿಬಿಡಿಯಲ್ಲಿ ಯಾರದೋ ಮೊಣಕಾಲು ಗೇರಿಗೆ ತಾಗಿದರೆ ಸಾಕು, ಫ್ಯಾನ್ ತಿರುಗುತ್ತದೆ, ಅದರ ಪಕ್ಕದಲ್ಲೇ ನಿಮ್ಮ ಕಾಲಿರುತ್ತದೆ. ಓಡುತ್ತಿರುವಾಗ ನಡೆಸುವವನೇ ಬಿದ್ದರೆ ಇನ್ನೂ ಕೆಟ್ಟದ್ದು. ಹಿಡಿ ಬಿಟ್ಟ ಎಂಜಿನ್ ಒಂದು ಪಕ್ಕಕ್ಕೆ ತಿರುಗಿಕೊಂಡು ದೋಣಿ ವೃತ್ತ ಹೊಡೆಯುತ್ತಾ ನಿಮ್ಮ ಮೇಲೇ ವಾಪಸ್ ಬರಬಹುದು. ಎಂಜಿನ್ ಜೊತೆ ಬರುವ ಸುರುಳಿ ಸುತ್ತಿದ ಕೆಂಪು ದಾರ ಇರುವುದು ಇದಕ್ಕೇ. ಒಂದು ತುದಿ ಕೈಗೋ ಜಾಕೆಟ್‌ಗೋ, ಇನ್ನೊಂದು ಸ್ವಿಚ್ಚಿಗೆ. ನೀವು ಬಿದ್ದರೆ ದಾರ ಕಿತ್ತುಬರುತ್ತದೆ, ಎಂಜಿನ್ ನಿಲ್ಲುತ್ತದೆ. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ವಿಹಾರ ದೋಣಿ ವೇಗವಾಗಿ ಓಡಿಸುವಾಗ ಇದನ್ನು ಕಟ್ಟಿಕೊಳ್ಳುವುದು 2021ರ ಏಪ್ರಿಲ್‌ನಿಂದ ಕಡ್ಡಾಯ. ನಮ್ಮ ಕಡೆ ಆ ದಾರವನ್ನು ಸ್ವಿಚ್ಚಿಗೆ ಸಿಕ್ಕಿಸಿ, ಉಳಿದದ್ದನ್ನು ಎಂಜಿನ್ನಿಗೇ ಸುತ್ತಿ ಬಿಟ್ಟಿರುತ್ತಾರೆ. ದಾರ ಇದೆ, ಕೆಲಸ ಇಲ್ಲ.

ಹತ್ತುವ ಮೊದಲು ಇನ್ನೂ ಒಂದು: ಕಾಲು ಕೆಳಗೆ ಬಿಟ್ಟು ನೋಡಿ. ನಗಬೇಡಿ. ನಮ್ಮ ಹೊಳೆಗಳಲ್ಲಿ ಇಳಿತದ ಹೊತ್ತಿಗೆ ಮರಳು ದಿಬ್ಬಗಳು ಎದೆಮಟ್ಟಕ್ಕೆ ಬರುತ್ತವೆ. ನಿಲ್ಲಲು ನೆಲ ಸಿಕ್ಕರೆ ಈ ಲೇಖನವೇ ಬೇಡ.

ಹಿಂಬದಿಯ ಮಡಚುವ ಏಣಿ

ಎಂಜಿನ್ ಕೂರುವ ಹಿಂದಿನ ಹಲಗೆಯ ಮೂಲೆಗೆ ಬೋಲ್ಟ್ ಮಾಡಿದ ಸ್ಟೀಲ್ ಏಣಿ. ಓಡುವಾಗ ಮೇಲಕ್ಕೆ ಮಡಚಿರುತ್ತದೆ, ನೀರಿನಿಂದ ಕೈಚಾಚಿ ಎಳೆದರೆ ಕೆಳಗೆ ಬೀಳುತ್ತದೆ. ಜಾಗವೂ ದುಡ್ಡೂ ಇದ್ದರೆ ಇದೇ ಮೊದಲನೆಯದು. ಬೇರೆ ಯಾವುದೂ ಇದರ ಹತ್ತಿರ ಬರುವುದಿಲ್ಲ.

ಆದರೆ ಏಣಿ ಅಂತ ಮಾರುವುದೆಲ್ಲ ಏಣಿ ಅಲ್ಲ. ನಾನು ಮೊದಲು ತಂದದ್ದು ಎರಡೇ ಮೆಟ್ಟಿಲಿನದು. ಬಿಡಿಸಿದರೆ ಕೆಳಗಿನ ಮೆಟ್ಟಿಲು ನೀರಿನಿಂದ ಒಂದು ಗೇಣು ಕೆಳಗೆ. ಅದರ ಮೇಲೆ ಕಾಲಿಡಬೇಕಾದರೆ ಮೊಣಕಾಲು ಗದ್ದಕ್ಕೆ ತಾಗುವಷ್ಟು ಮಡಚಬೇಕು. ಯೋಗ ಮಾಡುವವರಿಗೆ ಸರಿ. ಕಡೇ ಮೆಟ್ಟಿಲು ನೀರಿನೊಳಗೆ ಎರಡು ಅಡಿಯಾದರೂ ಇಳಿದಿರಬೇಕು. ಅಂದರೆ ನಮ್ಮಂಥ ದೋಣಿಗೆ ಮೂರೋ ನಾಲ್ಕೋ ಮೆಟ್ಟಿಲು. ಅಳೆಯುವಾಗ ದೋಣಿ ನೀರಲ್ಲಿರಲಿ, ಹಿಂದೆ ಯಾರೂ ಕೂತಿರಬಾರದು. ನೀವು ಬಿದ್ದಾಗ ಹಿಂಬದಿ ಖಾಲಿಯಾಗಿ ಒಂದಿಷ್ಟು ಮೇಲೇಳುತ್ತದೆ, ಅಳತೆ ಅದಕ್ಕೆ ತಕ್ಕಂತೆ ಸಿಗಬೇಕು.

ಮೆಟ್ಟಿಲು ಚಪ್ಪಟೆ ಇರಲಿ. ಒಂದಿಂಚಿನ ದುಂಡು ಪೈಪಿನ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಅಂಗಾಲು ಹೇಗೆ ನೋಯುತ್ತದೆ ಅಂತ ಗೊತ್ತಾಗುತ್ತದೆ. ಒಂದರೊಳಗೊಂದು ಸೇರುವ ಟೆಲಿಸ್ಕೋಪ್ ಮಾದರಿ ಜಾಗ ಕಡಿಮೆ ತಿನ್ನುತ್ತದೆ ನಿಜ. ಆದರೆ ಕೆಸರು, ಮರಳಿನ ನೀರಲ್ಲಿ ಕೊಳವೆ ಕಚ್ಚಿಕೊಳ್ಳುತ್ತದೆ, ಮುಚ್ಚುವಾಗ ಬೆರಳೂ ಸಿಕ್ಕಿಕೊಳ್ಳುತ್ತದೆ. ನನಗೆ ಹಿಡಿಸಲಿಲ್ಲ.

ಸ್ಟೀಲಿನ ದರ್ಜೆಯ ವಿಷಯದಲ್ಲಿ ವೆಲ್ಡಿಂಗ್ ಶಾಪಿನವರು "ತ್ರೀ ನಾಟ್ ಫೋರ್ ಸಾಕು ಸಾರ್" ಅನ್ನುತ್ತಾರೆ. ಸಿಹಿನೀರಿಗೆ 304 ಸಾಕು. ಉಪ್ಪುನೀರಿಗೆ 316 ಬೇಕು, ಅದರಲ್ಲಿ ಮಾಲಿಬ್ಡಿನಮ್ ಸೇರಿರುವುದರಿಂದ ಉಪ್ಪು ಅಷ್ಟು ಬೇಗ ಕೊರೆಯುವುದಿಲ್ಲ. ಕೆಲವರು ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡಿ ತೋರಿಸುತ್ತಾರೆ. ಎರಡಕ್ಕೂ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ, ಆ ಆಟದಿಂದ ಏನೂ ತಿಳಿಯುವುದಿಲ್ಲ. ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಕೂರಿಸುವಾಗ ಸ್ಕ್ರೂ ಬೇಡ, ಆಚೆಯಿಂದ ಈಚೆಗೆ ಹಾಯುವ ಬೋಲ್ಟ್, ಒಳಗಡೆ ಅಗಲದ ಪ್ಲೇಟು, ತೂತಿಗೆಲ್ಲ ಸೀಲೆಂಟ್. ಹೆಚ್ಚಿನ ಫೈಬರ್ ದೋಣಿಗಳ ಹಿಂದಿನ ಹಲಗೆಯೊಳಗೆ ಪ್ಲೈವುಡ್ ಇರುತ್ತದೆ. ಒಂದು ತೂತಿನಿಂದ ನೀರು ಇಳಿದರೂ ವರ್ಷಗಟ್ಟಲೆ ಒಳಗೇ ಕೊಳೆಯುತ್ತದೆ, ಹೊರಗಿಂದ ಗೊತ್ತೇ ಆಗುವುದಿಲ್ಲ. ಎಂಜಿನ್ನನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಏಣಿಗೆ ತಾಗುವುದಿಲ್ಲ ಅಂತ ನೋಡಿಕೊಂಡೇ ತೂತು ಕೊರೆಯಿರಿ. ಮೇಲೆ ಹಿಡಿದುಕೊಳ್ಳಲು ಒಂದು ಹಿಡಿಕೆಯೂ ಬೇಕು. ಏಣಿ ಹತ್ತಿ ಮುಗಿದ ಮೇಲೆ ಕೈಗೆ ಏನೂ ಸಿಗದೆ ಅಲ್ಲೇ ತೂಗಾಡುವವರನ್ನು ನೋಡಿದ್ದೇನೆ.

ಇದರ ಕೊರತೆ ಎರಡು. ಅಲೆ ಜೋರಿದ್ದಾಗ ದೋಣಿಯ ಹಿಂಬದಿ ಎದ್ದು ದಪ್ಪನೆ ಬೀಳುತ್ತದೆ, ಏಣಿಯೂ ಅದರ ಜೊತೆಗೆ. ತಲೆ ಅದರಡಿ ಇರಬಾರದು. ಪಕ್ಕದಲ್ಲಿ ಕಾದು, ದೋಣಿ ಕೆಳಗಿಳಿದಾಗ ಹಿಡಿದು ಅದರ ಜೊತೆ ಮೇಲೇಳಬೇಕು. ಎರಡನೆಯದು ಬಲೆ ಹಾಕುವವರ ತಕರಾರು. ಹಿಂದಿನಿಂದ ಬಲೆ ಬಿಡುವಾಗ ಏಣಿಯ ಪ್ರತಿ ಮೂಲೆಗೂ ಸಿಕ್ಕಿಕೊಳ್ಳುತ್ತದೆ. ಅವರು ಏಣಿ ಬೇಡ ಅಂದರೆ ಅದು ಅಸಡ್ಡೆ ಅಲ್ಲ, ನ್ಯಾಯವಾದ ಕಾರಣ. ಅವರಿಗೆ ಮುಂದಿನದು.

ಕಾಲಿಗೆ ಕುಣಿಕೆ

ಈಗ ನಾನು ಹತ್ತಿದ ಕತೆ. ದೋಣಿ ಕಟ್ಟುವ ಹಗ್ಗದ ತುದಿ ಹಿಂಬದಿಯ ಕೊಂಡಿಯಿಂದ ನೀರಿಗೆ ಬಿದ್ದಿತ್ತು. ಅದರಲ್ಲಿ ಒಂದು ಕೈಯಲ್ಲೇ ಕುಣಿಕೆ ಕಟ್ಟಿದೆ. ಆರಾಮಾಗಿ ಕೂತಾಗ ಕಣ್ಣುಮುಚ್ಚಿ ಹಾಕುವ ಗಂಟು, ಆವತ್ತು ನಾಲ್ಕು ಸಲ ತಪ್ಪಿತು. ಕಾಲು ತೂರಿಸಿ ಎದ್ದರೆ ಕಾಲು ಸೀದಾ ದೋಣಿಯಡಿಗೆ ಜಾರಿತು, ನಾನು ಅಂಗಾತ. ಕುಣಿಕೆ ತುಂಬಾ ಉದ್ದ ಇತ್ತು. ಗಿಡ್ಡ ಮಾಡಿ, ಮೂಲೆಗೆ ಸರಿದು, ಹಿಂದಿನ ಹಲಗೆಗೆ ಮೈ ಒತ್ತಿಕೊಂಡು, ಕಾಲನ್ನು ಮುಂದಕ್ಕೆ ತಳ್ಳುವ ಬದಲು ನೆಟ್ಟಗೆ ಕೆಳಕ್ಕೆ ತುಳಿದಾಗ ಸೊಂಟ ಅಂಚಿಗೆ ಬಂತು. ಉಳಿದದ್ದು ಹೊಟ್ಟೆಯ ಮೇಲೆ ಜಾರಿದ್ದು.

ಇದನ್ನೇ ಮೊದಲೇ ಮಾಡಿಟ್ಟುಕೊಂಡರೆ ಕೆಲವೇ ನೂರು ರೂಪಾಯಿಯ ಕೆಲಸ. ಲಾರಿಯಲ್ಲಿ ಸರಕು ಬಿಗಿಯುವ ಅಗಲದ ಬೆಲ್ಟ್ ತಗೊಳ್ಳಿ, ಬರೀ ಹಗ್ಗ ಕಾಲು ಕೊಯ್ಯುತ್ತದೆ. ಒಂದರ ಕೆಳಗೊಂದು ಎರಡು ಕುಣಿಕೆ ಇರಲಿ. ಮೇಲಿನದು ನೀರಿಗಿಂತ ಒಂದಡಿ ಕೆಳಗೆ, ಇನ್ನೊಂದು ಎರಡಡಿ ಕೆಳಗೆ. ಕಾಲಿಡುವ ಜಾಗದಲ್ಲಿ ಬೆಲ್ಟಿಗೆ ಒಂದು ಗೇಣು ಪಿವಿಸಿ ಪೈಪು ತೂರಿಸಿ. ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಪೈಪಿಲ್ಲದ ಕುಣಿಕೆ ನೀರಲ್ಲಿ ಮುಚ್ಚಿಕೊಂಡು ಬಿಡುತ್ತದೆ, ಕಾಲಿಗೆ ಬಾಯೇ ಸಿಗುವುದಿಲ್ಲ. ಮೇಲಿನ ತುದಿ ಹಿಂಬದಿ ಮೂಲೆಯ ಗಟ್ಟಿ ಕೊಂಡಿಗೆ. ಉಳಿದದ್ದನ್ನು ಸುತ್ತಿ ವೆಲ್ಕ್ರೋ ಪಟ್ಟಿಯಲ್ಲಿ ಅಂಚಿಗೆ ಕಟ್ಟಿ, ಎಳೆಯಲು ಗೇಣುದ್ದ ಬಾಲವೊಂದನ್ನು ಹೊರಗೆ ಇಳಿಬಿಡಿ. ನೀರಿನಿಂದ ಬಾಲ ಎಳೆದರೆ ಪೂರ್ತಿ ಬಿಚ್ಚಿಕೊಳ್ಳಬೇಕು. ಆದರೆ ಬಾಲವಾಗಲಿ, ಬಿಚ್ಚಿದ ಬೆಲ್ಟಾಗಲಿ ಫ್ಯಾನಿನವರೆಗೆ ಉದ್ದ ಇರಬಾರದು.

ಕುಣಿಕೆ ಅರ್ಧ ದಾರಿ ಮಾತ್ರ ತಲುಪಿಸುತ್ತದೆ. ಹೊಟ್ಟೆ ಅಂಚಿನ ಮೇಲೆ ಬಂದ ಮೇಲೆ ಮುಂದಕ್ಕೆ ಎಳೆದುಕೊಳ್ಳಲು ಏನಾದರೂ ಬೇಕು. ನಡುವಿನ ಸೀಟಿನಿಂದ ಗಂಟು ಗಂಟು ಹಾಕಿದ ಹಗ್ಗವೊಂದನ್ನು ಹಿಂದಿನವರೆಗೆ ಬಿಟ್ಟಿದ್ದೇನೆ. ನನ್ನ ಮಟ್ಟಿಗೆ ಕುಣಿಕೆಗಿಂತ ಆ ಹಗ್ಗವೇ ಜಾಸ್ತಿ ಉಪಕಾರಿ.

ಸೀರೆ ಉಟ್ಟವರಿಗೆ, ಮೊಣಕಾಲು ನೋವಿನವರಿಗೆ, ಸ್ವಲ್ಪ ಭಾರದವರಿಗೆ ಕುಣಿಕೆ ಆಗುವುದಿಲ್ಲ. ಒದ್ದೆ ಸೀರೆ ಎರಡೂ ಕಾಲಿಗೆ ಸುತ್ತಿಕೊಂಡಿರುವಾಗ ಒಂದು ಕಾಲನ್ನು ಕುಣಿಕೆಗೆ ತೂರಿಸುವುದು ಎಲ್ಲಿಯ ಮಾತು? ಕಾಂಡ್ಲಾ ಕಾಡು, ಅಂದರೆ ಮ್ಯಾಂಗ್ರೋವ್ ನೋಡಲು ಜನರನ್ನು ಕರೆದೊಯ್ಯುವ ದೋಣಿಗಳಿಗೆ ನಾಲ್ಕು ಮೆಟ್ಟಿಲಿನ ಗಟ್ಟಿ ಏಣಿ ಬಿಟ್ಟು ಬೇರೆ ಮಾತೇ ಇಲ್ಲ.

ಅಂಗಡಿಯಲ್ಲಿ ಸಿಗುವ ಹಗ್ಗದ ಏಣಿ, ಅಂದರೆ ಮರದ ಅಥವಾ ಪ್ಲಾಸ್ಟಿಕ್ ಮೆಟ್ಟಿಲು ಪೋಣಿಸಿದ್ದು, ಕುಣಿಕೆಗಿಂತ ಒಂದು ಮೆಟ್ಟಿಲು ಮೇಲು. ಅಷ್ಟೇ. ದೋಣಿಯಡಿಗೆ ಜಾರುವ ಚಾಳಿ ಅದಕ್ಕೂ ಇದೆ. ಕೆಳಗಿನ ಮೆಟ್ಟಿಲಿಗೆ ಸ್ವಲ್ಪ ಭಾರ ಕಟ್ಟಿದರೆ ನೆಟ್ಟಗೆ ನಿಲ್ಲುತ್ತದೆ.

ಎಂಜಿನ್ ಮೇಲೆ ಕಾಲಿಟ್ಟು

ಫ್ಯಾನಿನ ಮೇಲೆ ಅಡ್ಡಕ್ಕೆ ಒಂದು ಚಪ್ಪಟೆ ತಟ್ಟೆ ಇರುತ್ತದೆ ನೋಡಿ, ಅದು ಸುಮಾರಾಗಿ ದೋಣಿಯ ತಳದ ಮಟ್ಟಕ್ಕೇ ಇರುತ್ತದೆ. ಅದರ ಮೇಲೆ ಕಾಲಿಟ್ಟು, ಹಿಂದಿನ ಹಲಗೆ ಹಿಡಿದು ಏಳುವುದು ಹಳೇ ರೂಢಿ. ಖರ್ಚಿಲ್ಲ, ಯಾವಾಗಲೂ ಅಲ್ಲೇ ಇರುತ್ತದೆ, ದೋಣಿಯಡಿಗೆ ಜಾರುವುದಿಲ್ಲ. ನೀರು ಶಾಂತವಾಗಿದ್ದಾಗ ಎಷ್ಟೋ ಸಲ ನಾನೂ ಹೀಗೇ ಹತ್ತಿದ್ದೇನೆ.

ಹಾಗಿದ್ದೂ ಇದನ್ನು ಮೂರನೇ ಸ್ಥಾನಕ್ಕೆ ಇಳಿಸಲು ಕಾರಣಗಳಿವೆ. ಕೈಹಿಡಿಯಿಂದ ತಿರುಗಿಸುವ ಎಂಜಿನ್ ನಿಮ್ಮ ಭಾರ ಒಂದು ಪಕ್ಕಕ್ಕೆ ಬಿದ್ದ ಕೂಡಲೇ ಬಾಗಿಲಿನ ಹಾಗೆ ತಿರುಗಿಬಿಡುತ್ತದೆ, ಕಾಲಡಿಯ ತಟ್ಟೆ ಮಾಯ. ಸ್ಟಿಯರಿಂಗ್ ಚಕ್ರ ಇರುವ ದೋಣಿಯಲ್ಲಿ ಇದು ಕಡಿಮೆ. ತಟ್ಟೆ ಪಾಚಿ ಕಟ್ಟಿ ಜಾರುತ್ತದೆ. ಜಾರಿದ ಕಾಲು ಬೀಳುವುದು ಫ್ಯಾನಿನ ರೆಕ್ಕೆಗಳ ನಡುವೆ. ನಿಂತ ಫ್ಯಾನೂ ಚರ್ಮ ಸೀಳಬಲ್ಲದು. ಮೇಲೆ ಹಿಡಿಯಲು ಸಿಗುವ ಎಂಜಿನ್ ಮುಚ್ಚಳ ಒಂದು ಚಿಲಕದ ಮೇಲೆ ನಿಂತಿರುವ ಪ್ಲಾಸ್ಟಿಕ್ ಡಬ್ಬಿ, ಅದು ಹಿಡಿಕೆ ಅಲ್ಲ. ಪೆಟ್ರೋಲ್ ಪೈಪನ್ನಂತೂ ಮುಟ್ಟಲೇಬೇಡಿ. ಇಷ್ಟೆಲ್ಲಾ ಆಗಿ, ನನ್ನ ಹಾಗೆ ಎಂಜಿನ್ ಮೇಲೆತ್ತಿ ಸಿಕ್ಕಿಸಿದ ಮೇಲೆ ಬಿದ್ದರೆ ಈ ಮೆಟ್ಟಿಲೇ ಇಲ್ಲ.

ದೊಡ್ಡ ಎಂಜಿನ್‌ಗಳಲ್ಲಿ ಗುಂಡಿ ಒತ್ತಿದರೆ ಮೇಲೇಳುವ ವ್ಯವಸ್ಥೆ ಇರುತ್ತದೆ. ಕೆಲವರು ತಟ್ಟೆಯ ಮೇಲೆ ನಿಂತು, ಇನ್ನೊಬ್ಬರಿಂದ ಗುಂಡಿ ಒತ್ತಿಸಿ, ಲಿಫ್ಟಿನ ಹಾಗೆ ಮೇಲೆ ಬರುತ್ತಾರೆ. ನೋಡಲು ಮಜವಾಗಿದೆ. ಆ ಮೋಟರ್ ಎಂಜಿನ್ ಎತ್ತಲು ಇರುವುದು, ಮನುಷ್ಯರನ್ನಲ್ಲ. ಎಂಜಿನ್ ಏಳುತ್ತಾ ಹೋದಂತೆ ತಟ್ಟೆಯೂ ವಾಲುತ್ತದೆ. ಕಾಲು ಜಾರಿದರೆ ಕೆಳಗೆ ಏನಿದೆ ಅಂತ ಮೇಲೆ ಹೇಳಿದೆನಲ್ಲ.

ಏನೂ ಇಲ್ಲದಿದ್ದರೆ

ಅಂಚು ಹಿಡಿದು ನೇತಾಡಬೇಡಿ. ಕೈ ನೀಡಿ ಹಿಡಿದುಕೊಂಡು, ಮೈಯನ್ನು ನೀರಿನ ಮೇಲೆ ಮಲಗಿಸಿ. ಕಾಲು ಹಿಂದೆ ಮೇಲೆ ಬರುವವರೆಗೆ ಬಡಿಯಿರಿ. ಆಮೇಲೆ ಜೋರಾಗಿ ಬಡಿಯುತ್ತಲೇ ಅಂಚನ್ನು ಕೆಳಕ್ಕೆ ಒತ್ತಿ, ಮುಂದಕ್ಕೆ ಜಾರಿ. ಮೇಲಕ್ಕೆ ಹತ್ತುವುದಲ್ಲ, ಮೀನು ದಡಕ್ಕೆ ಹಾರುವ ಹಾಗೆ ಅಡ್ಡಕ್ಕೆ ಜಾರುವುದು. ರಬ್ಬರ್ ಟ್ಯೂಬಿನ ಗಾಳಿ ದೋಣಿಗೆ ಇದು ಚೆನ್ನಾಗಿ ಆಗುತ್ತದೆ. ಒಂದಡಿಗಿಂತ ಎತ್ತರದ ಅಂಚಿದ್ದರೆ ಹುಡುಗರಿಗೆ ಮಾತ್ರ. ಹನ್ನೆರಡು ಅಡಿಯ ಪುಟ್ಟ ದೋಣಿಯಲ್ಲಿ ಪಕ್ಕದಿಂದ ಹೀಗೆ ಮಾಡಿದರೆ ದೋಣಿಯೇ ನಿಮ್ಮ ಮೇಲೆ ಮಗುಚಬಹುದು, ಅಲ್ಲಿ ಹಿಂಬದಿಯೇ ಸರಿ. ನಿಮ್ಮಲ್ಲಿ ಎರಡು ಮೂರು ಸಲಕ್ಕಾಗುವಷ್ಟು ಶಕ್ತಿ ಇರುತ್ತದೆ, ಅಷ್ಟೇ. ಅದನ್ನು ಮೊದಲ ನಿಮಿಷದಲ್ಲೇ ಸುಮ್ನೆ ಚೆಲ್ಲಬೇಡಿ. ಜಾಕೆಟ್ ಅಡ್ಡ ಬರುತ್ತದೆ ಅಂತ ಬಿಚ್ಚುವುದೂ ಬೇಡ.

ಜೊತೆಗೆ ಜನ ಇದ್ದಾಗ

ಮೊದಲ ತಪ್ಪು, ಎಲ್ಲರೂ ಒಂದೇ ಬದಿಗೆ ಓಡಿ ಬರುವುದು. ಒಬ್ಬರು ಎಳೆಯಲಿ, ಇನ್ನೊಬ್ಬರು ಎದುರು ಬದಿಯಲ್ಲಿ ಕೂತು ತೂಕ ಕೊಡಲಿ. ನೀರಲ್ಲಿರುವವರ ಬೆನ್ನು ದೋಣಿಗೆ ತಾಗುವಂತೆ ತಿರುಗಿಸಿ, ಜಾಕೆಟ್ಟಿನ ಹೆಗಲ ಪಟ್ಟಿ ಹಿಡಿಯಿರಿ. ಒಂದೆರಡು ಸಲ ಕೆಳಗೆ ಒತ್ತಿ ಬಿಟ್ಟು, ನೀರು ಮೇಲಕ್ಕೆ ತಳ್ಳುವ ಹೊತ್ತಿಗೆ ಸರಿಯಾಗಿ ಎಳೆಯಿರಿ. ಕೈ ಹಿಡಿದು ಎಳೆದರೆ ಹೆಗಲ ಕೀಲು ತಪ್ಪೀತು.

ಸುಸ್ತಾಗಿ ಕೈಕಾಲು ಆಡದವರನ್ನು ಎತ್ತಲಾಗದು, ಉರುಳಿಸಬೇಕು. ಗಟ್ಟಿ ಟಾರ್ಪಾಲಿನ ಒಂದು ಅಂಚನ್ನು ದೋಣಿಯೊಳಗೆ ಕಟ್ಟಿ, ಉಳಿದದ್ದನ್ನು ಅವರ ಮೈಯಡಿ ಬಿಟ್ಟು, ಇನ್ನೊಂದು ಅಂಚನ್ನು ಮೇಲಕ್ಕೆ ಎಳೆಯಿರಿ. ಮರದ ದಿಮ್ಮಿಯ ಹಾಗೆ ಉರುಳಿ ಮೇಲೆ ಬರುತ್ತಾರೆ, ಕೈಗೆ ಹತ್ತುವ ಭಾರ ಸುಮಾರು ಅರ್ಧ. ಬಲೆ ಹತ್ತಿರದಲ್ಲೇ ಇದೆ ಅಂತ ಸಣ್ಣ ಕಣ್ಣಿನ ಬೀಡುಬಲೆ ಬಳಸಬೇಡಿ, ಬೆರಳು ಗುಂಡಿ ಎಲ್ಲ ಸಿಕ್ಕಿ ಮೀನಿನ ಗತಿಯೇ ಆಗುತ್ತದೆ.

ನಮ್ಮ ಕರಾವಳಿಯ ನೀರು ಬೆಚ್ಚಗಿರುವುದರಿಂದ ಎರಡನೇ, ಮೂರನೇ ಪ್ರಯತ್ನಕ್ಕೆ ಸಮಯ ಸಿಗುತ್ತದೆ. ಅಮೆರಿಕದ ಚಳಿನಾಡಾದ ಮಿಷಿಗನ್, ಮಿನೆಸೋಟಾದ ಕೆರೆಗಳಲ್ಲಿ ದೋಣಿ ಇಟ್ಟುಕೊಂಡಿರುವ ನಮ್ಮವರಿಗೆ ಅದು ಸಿಗುವುದಿಲ್ಲ. ಕೆನಡಾದ ಸಂಶೋಧಕ ಗಾರ್ಡನ್ ಗೀಸ್‌ಬ್ರೆಕ್ಟ್ ಅವರ 1-10-1 ಲೆಕ್ಕ ಅಲ್ಲಿ ಪ್ರಸಿದ್ಧ. ಕೊರೆಯುವ ನೀರಿಗೆ ಬಿದ್ದರೆ ಉಸಿರು ಹತೋಟಿಗೆ ತರಲು ಸುಮಾರು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಮೈ ತಣ್ಣಗಾಗಿ ಎಚ್ಚರ ತಪ್ಪಲು 1 ಗಂಟೆ. ಅಂದರೆ ಹತ್ತುವುದಾದರೆ ಆ ಹತ್ತು ನಿಮಿಷದೊಳಗೆ. ಗಂಟು ಹಾಕಲು ಬೆರಳು ಬಗ್ಗದ ಅಂಥ ನೀರಿಗೆ ಕುಣಿಕೆ ಬೇಡ, ಏಣಿಯೇ ಇರಲಿ.

ನನ್ನ ದೋಣಿಯಲ್ಲಿ ಈಗ ಒಂದು ಮೂಲೆಗೆ ಮೂರು ಮೆಟ್ಟಿಲಿನ ಏಣಿ, ಇನ್ನೊಂದು ಮೂಲೆಗೆ ಪೈಪು ತೂರಿಸಿದ ಕುಣಿಕೆ. ಗಾಳಿ ಇರುವ ದಿನ ಲಂಗರು ಹಾಕದೆ ತೇಲುವಾಗ, ಎಂಜಿನ್ ಬಂದ್ ಆಗಿದ್ದರೆ, ಹಿಂದೆ ಇಪ್ಪತ್ತು ಅಡಿ ತೇಲುವ ಹಗ್ಗವನ್ನೂ ಬಿಡುತ್ತೇನೆ. ಖಾಲಿ ದೋಣಿಯನ್ನು ಗಾಳಿ ನಾವು ಈಜುವುದಕ್ಕಿಂತ ಬೇಗ ಒಯ್ಯುತ್ತದೆ. ಸ್ಟಾರ್ಟ್ ಮಾಡುವ ಮೊದಲು ಅದನ್ನು ಒಳಗೆ ಎಳೆದುಕೊಳ್ಳಲು ಮರೆಯಬಾರದು, ಇಲ್ಲದಿದ್ದರೆ ಮತ್ತೆ ಫ್ಯಾನು, ಮತ್ತೆ ಚಾಕು.

ಮಳೆಗಾಲ ಮುಗಿದು ದೋಣಿ ನೀರಿಗಿಳಿಸಿದ ಮೊದಲ ದಿನ ಪ್ಯಾಂಟು, ಅಂಗಿ, ಜಾಕೆಟ್ ಸಮೇತ ಬೇಕಂತಲೇ ಹಾರುತ್ತೇನೆ. ದಡದಲ್ಲಿ ತಮ್ಮ ನಿಂತಿರುತ್ತಾನೆ. ಹೋದ ವರ್ಷ ಏಣಿ ಎಳೆದರೆ ಬರಲಿಲ್ಲ, ಎರಡು ತಿಂಗಳಲ್ಲಿ ಕೀಲಿಗೆ ಉಪ್ಪು ಹಿಡಿದಿತ್ತು. ಆವತ್ತು ಕುಣಿಕೆಯಲ್ಲಿ ಹತ್ತಿ, ಮನೆಗೆ ಬಂದು ಕೀಲಿಗೆ ಗ್ರೀಸ್ ಹಾಕಿದೆ.